ಎರಡು ಭಾಷೆ ಮನೇಲಿ ಮಗು ಪದ ಕಲಿಯೋದು ಹೇಗೆ, ನಾವು ಲೆಕ್ಕ ತಪ್ಪೋದು ಎಲ್ಲಿ

ಬೆಂಗಳೂರಿನ ಯಾವ್ದೇ ಅಪಾರ್ಟ್‌ಮೆಂಟಿನ ಪಾರ್ಕಲ್ಲಿ ಸಂಜೆ ಹೊತ್ತು ಸ್ವಲ್ಪ ಕೂತ್ರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ನಮ್ ಪಾಪುಗೆ ಇನ್ನೂ ಸರಿಯಾಗಿ ಮಾತು ಬಂದಿಲ್ಲ, ಪ್ಲೇ ಸ್ಕೂಲಲ್ಲಿ ಹೇಳಿದ್ರು ಮನೇಲಿ ಒಂದೇ ಭಾಷೆ ಮಾತಾಡಿ ಅಂತ, ಅದಕ್ಕೆ ಈಗ ಇಂಗ್ಲಿಷ್ ಮಾತ್ರ." ಆ "ಒಂದೇ ಭಾಷೆ" ಯಾವಾಗ್ಲೂ ಇಂಗ್ಲಿಷೇ ಆಗಿರುತ್ತೆ ನೋಡಿ, ಕನ್ನಡ ಮಾತ್ರ ಮಾತಾಡಿ ಅಂತ ಸಲಹೆ ಕೊಟ್ಟ ಪ್ಲೇ ಸ್ಕೂಲನ್ನ ನಾನಂತೂ ಕಂಡಿಲ್ಲ. ಆಮೇಲೆ ಊರಿಂದ ಮೊಮ್ಮಗು ನೋಡ್ಕೊಳ್ಳೋಕೆ ಬಂದಿರೋ ಅಜ್ಜಿ "ಕಮ್ ಪುಟ್ಟ, ಮಿಲ್ಕ್ ಕುಡಿ, ಡರ್ಟಿ ಡರ್ಟಿ, ಟಚ್ ಮಾಡ್ಬೇಡ" ಅಂತ ಶುರು ಮಾಡ್ತಾರೆ. ಜೀವನ ಪೂರ್ತಿ ಕಥೆ, ಗಾದೆ, ಮುದ್ದು, ಬೈಗುಳ ಎಲ್ಲಾನೂ ಕನ್ನಡದಲ್ಲೇ ಆಡಿರೋರಿಗೆ ಮಗು ಜೊತೆ ಮಾತಾಡೋಕೆ ಹತ್ತು ಹದಿನೈದು ಪದ ಅಷ್ಟೇ ಉಳಿಯುತ್ತೆ.

ಈ ಸಲಹೆ ಹಿಂದೆ ಒಂದು ಹಳೇ ನಂಬಿಕೆ ಇದೆ, ಎರಡು ಭಾಷೆ ಒಟ್ಟಿಗೆ ಕೇಳಿದ್ರೆ ಮಗು ತಲೇಲಿ ಎಲ್ಲಾ ಕಲಸುಮೇಲೋಗರ ಆಗುತ್ತೆ ಅಂತ. ಸುಮ್ನೆ ಹುಟ್ಟಿದ ನಂಬಿಕೆ ಅಲ್ಲ ಇದು, ಒಂದು ಕಾಲದಲ್ಲಿ ಭಾಷಾ ವಿಜ್ಞಾನಿಗಳಲ್ಲೇ ಕೆಲವರು ಹೀಗೆ ಅಂದ್ಕೊಂಡಿದ್ರು. 1978ರಲ್ಲಿ ವೋಲ್ಟೆರಾ ಮತ್ತೆ ಟೇಶ್ನರ್ ಅನ್ನೋರು, ಮಗು ಮೊದ್ಲು ಎರಡೂ ಭಾಷೆ ಪದಗಳನ್ನ ಒಂದೇ ಗಂಟಾಗಿ ಇಟ್ಕೊಂಡಿರುತ್ತೆ, ಆಮೇಲೆ ನಿಧಾನಕ್ಕೆ ಬೇರೆ ಮಾಡ್ಕೊಳ್ಳುತ್ತೆ ಅಂತ ವಾದ ಮಾಡಿದ್ರು. 1989ರಲ್ಲಿ ಮಾಂಟ್ರಿಯಲ್‌ನ ಫ್ರೆಡ್ ಜೆನೆಸಿ ಅದನ್ನ ಗಟ್ಟಿಯಾಗೇ ಪ್ರಶ್ನೆ ಮಾಡಿದ್ರು, ಅಲ್ಲಿಂದ ಈಚೆಗೆ ಬಂದಿರೋ ಸಂಶೋಧನೆ ಹೆಚ್ಚುಕಮ್ಮಿ ಜೆನೆಸಿ ಕಡೆಗೇ ವಾಲಿದೆ. ಆದ್ರೆ ಲ್ಯಾಬಿಂದ ಹೋದ ನಂಬಿಕೆ ನಮ್ ಪಾರ್ಕಿಂದ ಹೋಗೋಕೆ ಇನ್ನೂ ಟೈಮ್ ಬೇಕು.

ಮಗು ಭಾಷೆಗಳನ್ನ ಬೇರೆ ಮಾಡೋದು ಹೊಟ್ಟೇಲಿದ್ದಾಗಿಂದಾನೇ ಶುರು. ಕೆನಡಾದ ವ್ಯಾಂಕೂವರ್‌ನಲ್ಲಿ ಕ್ರಿಸ್ಟಾ ಬೈಯರ್ಸ್-ಹೈನ್ಲೈನ್, ಜ್ಯಾನೆಟ್ ವರ್ಕರ್ ಮತ್ತೆ ಅವರ ತಂಡ ಹುಟ್ಟಿ ಇನ್ನೂ ಸ್ವಲ್ಪ ದಿನ ಆಗಿರೋ ಕೂಸುಗಳ ಮೇಲೆ ಒಂದು ಸ್ಟಡಿ ಮಾಡಿ 2010ರಲ್ಲಿ ಪ್ರಕಟ ಮಾಡಿದ್ರು. ಕೆಲವು ತಾಯಂದಿರು ಬಸುರಲ್ಲಿ ಇಂಗ್ಲಿಷ್ ಮಾತ್ರ ಮಾತಾಡ್ತಿದ್ದೋರು, ಇನ್ನು ಕೆಲವರು ಫಿಲಿಪೀನ್ಸ್ ಮೂಲದೋರು, ಇಂಗ್ಲಿಷು ಟಾಗಲಾಗು ಎರಡೂ ಮಾತಾಡ್ತಿದ್ದೋರು. ಕೂಸಿನ ಬಾಯಿಗೆ ಸೆನ್ಸರ್ ಇರೋ ನಿಪ್ಪಲ್ ಕೊಟ್ಟು ಎರಡೂ ಭಾಷೆ ವಾಕ್ಯಗಳನ್ನ ಸರದಿ ಮೇಲೆ ಕೇಳಿಸ್ತಾರೆ, ಮಗುಗೆ ಇಂಟರೆಸ್ಟ್ ಜಾಸ್ತಿ ಆದಂಗೆಲ್ಲ ಜೋರಾಗಿ ಚೀಪುತ್ತೆ, ಆ ಚೀಪೋ ಲೆಕ್ಕಾನೇ ಇಲ್ಲಿ ಉತ್ತರ. ಇಂಗ್ಲಿಷ್ ಅಮ್ಮಂದಿರ ಕೂಸುಗಳು ಇಂಗ್ಲಿಷ್‌ಗೆ ಜಾಸ್ತಿ ಚೀಪಿದ್ವು, ಎರಡು ಭಾಷೆ ಅಮ್ಮಂದಿರ ಕೂಸುಗಳು ಎರಡಕ್ಕೂ ಒಂದೇ ತರ. ಹಾಗಾದ್ರೆ ಅವುಕ್ಕೆ ಎರಡೂ ಒಂದೇ ಅನ್ಸಿದೆಯಾ ಅಂತ ಅನುಮಾನ ಬರುತ್ತಲ್ಲ, ಅದನ್ನೂ ಬೇರೆ ಟೆಸ್ಟ್ ಮಾಡಿ ನೋಡಿದ್ರು, ಇಲ್ಲ, ಎರಡೂ ಬೇರೆ ಬೇರೆ ಅನ್ನೋದು ಕೂಸುಗಳಿಗೆ ಗೊತ್ತಿತ್ತು. ಭಾಷೆಯ ಲಯ, ಏರಿಳಿತ ಅಷ್ಟರಲ್ಲೇ ಅವು ಕಂಡು ಹಿಡೀತವೆ.

ಲಯ ಹತ್ತಿರ ಇರೋ ಭಾಷೆ ಆದ್ರೆ ಕಷ್ಟ ಆಗಲ್ವಾ, ನಮ್ ಮಂಗಳೂರು ಕಡೆ ತುಳು ಕನ್ನಡ ಇದ್ದಂಗೆ? ಬಾರ್ಸಿಲೋನಾದಲ್ಲಿ ಕಟಲಾನು ಸ್ಪ್ಯಾನಿಷು ಎರಡೂ ಕೇಳ್ಕೊಂಡು ಬೆಳೀತಿದ್ದ ಮಕ್ಕಳನ್ನ ಲೌರಾ ಬೊಷ್ ಮತ್ತೆ ನೂರಿಯಾ ಸೆಬಾಸ್ಟಿಯಾನ್-ಗಲ್ಯೆಸ್ ನೋಡಿದ್ರು, ಅಕ್ಕತಂಗಿ ತರ ಇರೋ ಆ ಎರಡು ಭಾಷೆಗಳನ್ನೂ ಮಕ್ಕಳು ನಾಲ್ಕು ತಿಂಗಳಿಗೇ ಬೇರೆ ಮಾಡ್ತಿದ್ವು.

ಇನ್ನು ಅಕ್ಷರಗಳ ಸದ್ದು. ಇಲ್ಲಿ ನಮಗೆ ನೇರ ಸಂಬಂಧ ಇರೋ ಒಂದು ಸ್ಟಡಿ ಇದೆ. ವರ್ಕರ್ ಮತ್ತೆ ಟೀಸ್ 1984ರಲ್ಲಿ ಇಂಗ್ಲಿಷ್ ಮನೆ ಮಕ್ಕಳಿಗೆ ಹಿಂದಿಯ ತ ಮತ್ತೆ ಟ ಸದ್ದು ಕೇಳಿಸಿದ್ರು. ಇಂಗ್ಲಿಷಲ್ಲಿ ಈ ವ್ಯತ್ಯಾಸಕ್ಕೆ ಅರ್ಥ ಇಲ್ಲ, ನಮಗೆ ಹತ್ತಿ ಬೇರೆ ಹಟ್ಟಿ ಬೇರೆ, ಕತ್ತು ಬೇರೆ ಕಟ್ಟು ಬೇರೆ. ಆರರಿಂದ ಎಂಟು ತಿಂಗಳ ಇಂಗ್ಲಿಷ್ ಮಕ್ಕಳು ಎರಡನ್ನೂ ಚೆನ್ನಾಗಿ ಗುರುತಿಸಿದ್ವು, ಹತ್ತರಿಂದ ಹನ್ನೆರಡು ತಿಂಗಳು ಬರೋ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಆ ಕಿವಿ ಹೋಗಿತ್ತು. ಅಂದ್ರೆ ಮೊದ್ಲ ಹುಟ್ಟುಹಬ್ಬದ ಕೇಕ್ ಕಟ್ ಮಾಡೋಷ್ಟ್ರಲ್ಲಿ ಮಗುವಿನ ಕಿವಿ ತನ್ನ ಸುತ್ತ ಕೇಳೋ ಭಾಷೆಗೆ ಟ್ಯೂನ್ ಆಗ್ಬಿಟ್ಟಿರುತ್ತೆ. ಮೊದ್ಲು ಇಂಗ್ಲಿಷ್ ಗಟ್ಟಿ ಆಗ್ಲಿ, ಕನ್ನಡ ಆಮೇಲೆ ಸ್ಕೂಲಲ್ಲಿ ಹೆಂಗೂ ಇದ್ಯಲ್ಲ ಅನ್ನೋರಿಗೆ ಈ ಲೆಕ್ಕ ಗೊತ್ತಿರ್ಬೇಕು. ಆಮೇಲೆ ಕಲಿಯೋಕೆ ಆಗೋದೇ ಇಲ್ಲ ಅಂತಲ್ಲ, ದೊಡ್ಡೋರೂ ಕಲೀತಾರೆ, ಆದ್ರೆ ಪುಕ್ಕಟೆಯಾಗಿ ಸಿಗ್ತಿದ್ದದ್ದಕ್ಕೆ ಆಮೇಲೆ ಬೆವರು ಸುರಿಸ್ಬೇಕು.

ಸದ್ದು ಆಯ್ತು, ಪದ ಹೆಂಗೆ? ಮಾತಾಡೋವಾಗ ನಾವು ಪದಪದಕ್ಕೆ ಗ್ಯಾಪ್ ಕೊಡಲ್ಲ, "ಹಾಲ್ಕುಡ್ದ್ಬಿಟ್ಟುಮಲ್ಕೋಚಿನ್ನ" ಅಂತ ಒಂದೇ ಉಸಿರಲ್ಲಿ ಬರುತ್ತೆ, ಇದ್ರಲ್ಲಿ ಪದ ಎಲ್ಲಿ ಶುರು ಎಲ್ಲಿ ಮುಗೀತು ಅಂತ ಮಗುಗೆ ಯಾರೂ ಹೇಳ್ಕೊಟ್ಟಿರಲ್ಲ. 1996ರಲ್ಲಿ ಜೆನಿ ಸಾಫ್ರನ್, ಆಸ್ಲಿನ್, ನ್ಯೂಪೋರ್ಟ್ ಮೂವರೂ ಎಂಟು ತಿಂಗಳ ಮಕ್ಕಳಿಗೆ ಅರ್ಥವೇ ಇಲ್ಲದ ಸಿಲಬಲ್‌ಗಳನ್ನ ಎರಡು ನಿಮಿಷ ಎಡೆಬಿಡದೆ ಕೇಳಿಸಿದ್ರು, ಯಾವ ಸಿಲಬಲ್ ಆದ್ಮೇಲೆ ಯಾವುದು ಪದೇಪದೇ ಬರುತ್ತೆ ಅನ್ನೋ ಲೆಕ್ಕದ ಮೇಲೇ ಮಕ್ಕಳು ಪದ ಕತ್ತರಿಸಿ ತೆಗೆದ್ವು. ಇಲ್ಲಿ ಒಂದು ಕೊಸರು ಇದೆ, ಇಂಥ ಲೆಕ್ಕ ಹಾಕೋಕೆ ಸರಕು ಬೇಕು, ಸಾಕಷ್ಟು ಮಾತು ಕಿವಿಗೆ ಬೀಳ್ಬೇಕು. ಕನ್ನಡದಲ್ಲಿ ಹಾಲು ಅನ್ನೋದು ಹಾಲನ್ನ, ಹಾಲಿಗೆ, ಹಾಲಲ್ಲಿ ಅಂತ ವೇಷ ಬದಲಾಯಿಸ್ತಾನೇ ಇರುತ್ತೆ, ಅಷ್ಟರ ಒಳಗಿಂದ "ಹಾಲು" ಹೊರಗೆ ಬರ್ಬೇಕು ಅಂದ್ರೆ ಮಗು ಅದನ್ನ ಬೇರೆ ಬೇರೆ ವಾಕ್ಯದಲ್ಲಿ ಎಷ್ಟೋ ಸಲ ಕೇಳಿರ್ಬೇಕು. ದಿನಕ್ಕೆ ನಾಲ್ಕು ಕನ್ನಡ ವಾಕ್ಯ ಕೇಳೋ ಮಗುಗೆ ಆ ಭಾಗ್ಯ ಇಲ್ಲ.

ಕತ್ತರಿಸಿದ ಪದಾನ ವಸ್ತುಗೆ ಅಂಟಿಸೋವಾಗ ಒಂದು ಭಾಷೆ ಮಗುಗೂ ಎರಡು ಭಾಷೆ ಮಗುಗೂ ಒಂದು ಚೆಂದದ ವ್ಯತ್ಯಾಸ ಕಾಣುತ್ತೆ. ಮಗು ಮುಂದೆ ಒಂದು ಬಾಲು, ಒಂದು ಮಗು ಹಿಂದೆ ನೋಡೇ ಇಲ್ಲದ ವಿಚಿತ್ರ ಆಟದ ಸಾಮಾನು ಇಟ್ಟು ಹೊಸ ಪದ ಹೇಳಿದ್ರೆ, ಒಂದು ಭಾಷೆ ಮಗು ವಿಚಿತ್ರ ಸಾಮಾನಿನ ಕಡೆ ನೋಡುತ್ತೆ, ಬಾಲಿಗೆ ಹೆಸರು ಇದ್ಯಲ್ಲ, ಹಾಗಾಗಿ ಹೊಸ ಹೆಸರು ಇದರದ್ದೇ ಇರ್ಬೇಕು ಅಂತ ಊಹೆ. ಬೈಯರ್ಸ್-ಹೈನ್ಲೈನ್ ಮತ್ತೆ ವರ್ಕರ್ 2009ರಲ್ಲಿ ಒಂದೂವರೆ ವರ್ಷದ ಆಸುಪಾಸಿನ ಮಕ್ಕಳಲ್ಲಿ ಇದನ್ನ ನೋಡಿದಾಗ ಒಂದು ಭಾಷೆ ಮಕ್ಕಳಲ್ಲಿ ಈ ಊಹೆ ಜೋರಾಗಿತ್ತು, ಎರಡು ಭಾಷೆ ಮಕ್ಕಳಲ್ಲಿ ಅಲ್ಪಸ್ವಲ್ಪ, ಮೂರು ಭಾಷೆ ಮಕ್ಕಳಲ್ಲಿ ಕಾಣಲೇ ಇಲ್ಲ. ಯಾಕೆ ಅಂದ್ರೆ ಅವುಗಳ ಪ್ರಪಂಚದಲ್ಲಿ ಒಂದು ಸಾಮಾನಿಗೆ ಎರಡು ಮೂರು ಹೆಸರು ಇರೋದು ಮಾಮೂಲು. ಇದನ್ನ ಹಿಂದುಳಿಯೋದು ಅಂತ ಓದೋದು ತಪ್ಪು, ಅಪ್ಪ ಚೆಂಡು ಅಂತಾರೆ ಅಕ್ಕ ಬಾಲ್ ಅಂತಾಳೆ ಅಂದ್ಮೇಲೆ ಆ ಮಗು ಸರಿಯಾಗೇ ಯೋಚ್ನೆ ಮಾಡ್ತಿದೆ.

ಈಗ ಕಾಂಟ್ರವರ್ಸಿ ವಿಷಯ, ಮಿಕ್ಸ್ ಮಾಡಿ ಮಾತಾಡೋದು. ಮಾಂಟ್ರಿಯಲ್‌ನ ಕಾಂಕಾರ್ಡಿಯಾ ಯೂನಿವರ್ಸಿಟೀಲಿ ಬೈಯರ್ಸ್-ಹೈನ್ಲೈನ್ ಈಗ ನಡೆಸೋ ಲ್ಯಾಬಿಂದ 2017ರಲ್ಲಿ ಬಂದ ಪ್ರಯೋಗ ನೋಡಿ. ಇಪ್ಪತ್ತು ತಿಂಗಳ ಮಗು, ಮನೇಲಿ ಫ್ರೆಂಚು ಇಂಗ್ಲಿಷು ಎರಡೂ. ಎದುರಿಗೆ ಸ್ಕ್ರೀನಲ್ಲಿ ಎರಡು ಚಿತ್ರ, ಒಂದು ನಾಯಿದು ಇನ್ನೊಂದು ಬೇರೆ ಏನೋ. ಸ್ಪೀಕರಲ್ಲಿ ಒಮ್ಮೆ "ಫೈಂಡ್ ದ ಡಾಗ್" ಅಂತ ಬರುತ್ತೆ, ಇನ್ನೊಮ್ಮೆ ವಾಕ್ಯ ಇಂಗ್ಲಿಷ್ ಇದ್ದು ನಾಯಿ ಮಾತ್ರ ಫ್ರೆಂಚಲ್ಲಿ, "ಫೈಂಡ್ ದ ಶಿಯೆನ್". ಕ್ಯಾಮೆರಾ ಮಗು ಕಣ್ಣು ಯಾವ ಕಡೆ ಹೋಯ್ತು, ಕಣ್ಣಿನ ಪಾಪೆ ಎಷ್ಟು ಹಿಗ್ಗಿತು ಅಂತ ನೋಡ್ತಿರುತ್ತೆ, ತಲೆಗೆ ಕೆಲಸ ಜಾಸ್ತಿ ಆದ್ರೆ ಪಾಪೆ ಹಿಗ್ಗುತ್ತೆ. ವಾಕ್ಯದ ಮಧ್ಯೆ ಭಾಷೆ ಬದಲಾದಾಗ ಮಗು ನಾಯಿ ಕಡೆ ನೋಡೋದು ಸ್ವಲ್ಪ ಎಡವುತ್ತೆ, ಪಾಪೆ ಹಿಗ್ಗುತ್ತೆ. ಆದ್ರೆ ಒಂದು ವಾಕ್ಯ ಪೂರ್ತಿ ಮುಗಿದು ಮುಂದಿನ ವಾಕ್ಯಕ್ಕೆ ಭಾಷೆ ಬದಲಾದ್ರೆ ಈ ತೊಂದ್ರೆ ಕಮ್ಮಿ ಅಥವಾ ಇಲ್ಲವೇ ಇಲ್ಲ, ತನಗೆ ಜಾಸ್ತಿ ರೂಢಿ ಇರೋ ಭಾಷೆ ಕಡೆಗೆ ಬದಲಾದ್ರೂ ಅಷ್ಟೇ. ಇನ್ನೂ ಮಜಾ ಅಂದ್ರೆ ಎರಡು ಭಾಷೆ ಬಲ್ಲ ದೊಡ್ಡೋರನ್ನ ಕೂರಿಸಿ ನೋಡಿದಾಗಲೂ ಇದೇ ತರ ಬಂತು, ಅಂದ್ರೆ ಇದು ಗೊಂದಲ ಅಲ್ಲ, ಮಗು ಆಗ್ಲೇ ಎರಡು ಭಾಷೇನ ಬೇರೆ ಬೇರೆ ಇಟ್ಕೊಂಡಿದೆ ಅನ್ನೋದಕ್ಕೇ ಸಾಕ್ಷಿ, ಒಂದೇ ಗಂಟಾಗಿದ್ರೆ ಬದಲಾದದ್ದೇ ಗೊತ್ತಾಗ್ತಿರ್ಲಿಲ್ಲ.

ಹಂಗಂತ ಮಿಕ್ಸ್ ಮಾಡೋದು ಏನೂ ಪರವಾಗಿಲ್ಲ ಅಂತ ಕಣ್ಮುಚ್ಚಿ ಹೇಳೋಕೂ ಆಗಲ್ಲ. 2013ರ ಒಂದು ಸ್ಟಡೀಲಿ ತುಂಬಾ ಮಿಕ್ಸ್ ಮಾಡೋ ಪೋಷಕರ ಒಂದೂವರೆ ವರ್ಷದ ಮಕ್ಕಳಿಗೆ ಅರ್ಥ ಆಗೋ ಪದ ಸ್ವಲ್ಪ ಕಮ್ಮಿ ಇತ್ತು, 2015ರಲ್ಲಿ ಅಮೆರಿಕಾದ ಸ್ಪ್ಯಾನಿಷ್ ಇಂಗ್ಲಿಷ್ ಮನೆಗಳನ್ನ ನೋಡಿದ ಇನ್ನೊಂದು ಸ್ಟಡೀಲಿ ಅಂಥ ನಷ್ಟ ಏನೂ ಕಾಣ್ಲಿಲ್ಲ. 2022ರಲ್ಲಿ ಮೂರು ವರ್ಷದ ಮಕ್ಕಳಿಗೆ ಪೂರ್ತಿ ಹೊಸ ಪದ ಕಲಿಸೋವಾಗ ಒಂದೇ ಭಾಷೆ ವಾಕ್ಯದಲ್ಲಿ ಕಲಿತ್ರು, ಮಧ್ಯೆ ಭಾಷೆ ಬದಲಾದ ವಾಕ್ಯದಲ್ಲಿ ಕಲೀಲಿಲ್ಲ. ಮಾಂಟ್ರಿಯಲ್ ಮನೆಗಳಲ್ಲಿ ಇಡೀ ದಿನದ ಮಾತು ರೆಕಾರ್ಡ್ ಮಾಡಿ ಕೇಳಿದಾಗ ಗೊತ್ತಾಗಿದ್ದು ಅಲ್ಲಿನ ಅಪ್ಪ ಅಮ್ಮ ಮಕ್ಕಳ ಜೊತೆ ಮಿಕ್ಸ್ ಮಾಡೋದೇ ಅಪರೂಪ, ಮಾಡಿದ್ರೂ ಹೆಚ್ಚಾಗಿ ಒಂದು ವಾಕ್ಯ ಮುಗಿಸಿ ಇನ್ನೊಂದು ಶುರು ಮಾಡೋವಾಗ, ಅದೂ ಮಗುಗೆ ಅರ್ಥ ಆಗ್ಲಿ ಅಂತ.

ನಮ್ದು ಹಾಗಲ್ಲ, ಬೆಂಗಳೂರು ಕನ್ನಡ ಅಂದ್ರೇನೇ ವಾಕ್ಯದ ಹೊಟ್ಟೆಯೊಳಗೆ ಇಂಗ್ಲಿಷ್. "ಟಾಯ್ಸ್ ಎಲ್ಲಾ ಬಾಸ್ಕೆಟ್ಟಿಗೆ ಹಾಕ್ಬಿಟ್ಟು ಹ್ಯಾಂಡ್ಸ್ ವಾಶ್ ಮಾಡ್ಕೋ" ಅನ್ನೋ ವಾಕ್ಯ ಯಾವ ಭಾಷೇದು? ವ್ಯಾಕರಣ ಅಚ್ಚ ಕನ್ನಡ, ವಿಭಕ್ತಿ ಕನ್ನಡ, ಕ್ರಿಯಾಪದದ ಕೊನೆ ಕನ್ನಡ, ಹೆಸರುಗಳು ಮಾತ್ರ ಇಂಗ್ಲಿಷ್. ಬಸ್ಸು, ಪೆನ್ನು, ಫೋನು ಇಂಥವು ಕನ್ನಡದವೇ ಆಗ್ಬಿಟ್ಟಿವೆ, ಮಗುಗೆ ಅಲ್ಲಿ ಬದಲಾವಣೆ ಅಂತಾನೇ ಅನ್ಸಲ್ಲ, ಅದರ ಬಗ್ಗೆ ತಲೆ ಕೆಡಿಸ್ಕೊಳ್ಳೋರು ಸುಮ್ನೆ ಟೈಮ್ ವೇಸ್ಟ್ ಮಾಡ್ತಿದಾರೆ. ನನ್ನ ತಕರಾರು ಬೇರೆ ಇದೆ. ಕೈ, ಕಾಲು, ಹಸು, ಮಳೆ, ಕೆಂಪು, ಮೂರು ಇಂಥ ದಿನಬಳಕೆ ಹೆಸರುಗಳ ಕನ್ನಡ ಜೋಡಿನ ಮಗು ಎಲ್ಲೂ ಕೇಳ್ದೇ ಹೋದ್ರೆ ಅದಕ್ಕೆ ಕನ್ನಡದ ಕೀಲುಗಳು ಬರ್ತವೆ, ಮರ ಬರಲ್ಲ. ಎಂಟು ವರ್ಷದ ಮಕ್ಕಳು "ರೆಡ್ ಕಲರ್ ಕೌ ಬಂತು" ಅಂತ ಸರಾಗವಾಗಿ ಹೇಳೋದನ್ನ ಈಗ ಎಲ್ಲೆಲ್ಲೂ ಕೇಳ್ಬಹುದು, ಅದು ಗೊಂದಲ ಅಲ್ಲ, ಆ ಮಗುಗೆ ನಾವು ಕೊಟ್ಟಿದ್ದೇ ಅಷ್ಟು.

ಸರಿ, ಲೆಕ್ಕದ ವಿಷಯಕ್ಕೆ ಬರೋಣ, ಗಾಬರಿ ಹುಟ್ಟೋದೇ ಇಲ್ಲಿಂದ. ಒಂದು ಇಪ್ಪತ್ತು ತಿಂಗಳ ಮಗು ಇದೆ ಅಂದ್ಕೊಳ್ಳಿ. ಅದು ಹೇಳೋದು: ಅಮ್ಮ, ಅಪ್ಪ, ಅಜ್ಜಿ, ಮಾಮ, ನೀರು, ಹಾಲು, ಮಮ್ಮು, ತಾಚಿ, ಬಾ, ಕೊಡು, ಬೇಡ, ಬಿತ್ತು, ಕಾಗೆ, ನಾಯಿ. ಜೊತೆಗೆ ಬಾಲ್, ಕಾರ್, ಶೂ, ಬೈ, ನೋ, ಡಾಗ್, ಮಿಲ್ಕ್, ಬನಾನಾ, ಬಬಲ್, ಅಪ್. ಪ್ಲೇ ಸ್ಕೂಲ್ ಮಿಸ್ ಕೈಯಲ್ಲಿರೋ ಇಂಗ್ಲಿಷ್ ಪಟ್ಟಿ ಪ್ರಕಾರ ಈ ಮಗುಗೆ ಬರೋದು 10 ಪದ, ಅಯ್ಯೋ ಹಿಂದುಳಿದಿದೆ. ಅಜ್ಜಿ ಲೆಕ್ಕದಲ್ಲಿ 14. ಎರಡೂ ಸೇರಿಸಿದ್ರೆ 24. ಹಾಲು ಮಿಲ್ಕು, ನಾಯಿ ಡಾಗು, ಬೇಡ ನೋ ಈ ಮೂರು ಜೋಡಿಗಳನ್ನ ಒಂದೊಂದೇ ಅಂತ ಎಣಿಸಿದ್ರೂ ಮಗುಗೆ 21 ವಿಷಯಗಳಿಗೆ ಹೆಸರು ಗೊತ್ತು. ಮಗು ಅದೇ, ಯಾರು ಎಣಿಸ್ತಾರೆ ಅನ್ನೋದರ ಮೇಲೆ ಸಂಖ್ಯೆ ಡಬಲ್‌ಗಿಂತ ಜಾಸ್ತಿ ಬದಲಾಗುತ್ತೆ.

ಈ ಲೆಕ್ಕಾನ ಮೊದಲು ಸರಿಯಾಗಿ ಮಾಡಿದ್ದು ಅಮೆರಿಕಾದ ಮಯಾಮಿಯಲ್ಲಿ ಬಾರ್ಬರಾ ಪಿಯರ್ಸನ್ ಮತ್ತೆ ಅವರ ಜೊತೆಯೋರು, 1993ರಲ್ಲಿ. ಎಂಟರಿಂದ ಮೂವತ್ತು ತಿಂಗಳ ಸ್ಪ್ಯಾನಿಷ್ ಇಂಗ್ಲಿಷ್ ಮಕ್ಕಳ ಎರಡೂ ಭಾಷೆ ಪದಗಳನ್ನ ಪೋಷಕರ ಹತ್ರ ಪಟ್ಟಿ ಮಾಡಿಸಿ ಒಟ್ಟು ಹಾಕಿದಾಗ ಒಂದು ಭಾಷೆ ಮಕ್ಕಳಿಗಿಂತ ಹಿಂದೆ ಏನೂ ಇರ್ಲಿಲ್ಲ. ಎರಡೂ ಭಾಷೇಲಿ ಹೆಸರು ಗೊತ್ತಿರೋ ಜೋಡಿ ಪದಗಳು ಸರಾಸರಿ ಮೂವತ್ತು ಪರ್ಸೆಂಟ್ ಹತ್ರ ಇದ್ವು. ಇದೂ ಸಹಜ, ಶೂ ಅನ್ನೋದು ಡೇಕೇರಲ್ಲಿ, ಕಾಗೆ ಅನ್ನೋದು ಅಜ್ಜಿ ಜೊತೆ ಟೆರೇಸಲ್ಲಿ, ಎರಡೂ ಕಡೆ ಎರಡೂ ಪದ ಬರ್ಬೇಕು ಅಂತೇನಿಲ್ಲ.

ಭಾಷೆಗಳ ಮಧ್ಯೆ ಇರೋ ದೂರಾನೂ ಲೆಕ್ಕಕ್ಕೆ ಬರುತ್ತೆ. ಇಂಗ್ಲೆಂಡಲ್ಲಿ ಕ್ಯಾರೋಲಿನ್ ಫ್ಲೋಚಿಯಾ ತಂಡ ಇಂಗ್ಲಿಷ್ ಜೊತೆಗೆ ಬೇರೆ 13 ಭಾಷೆಗಳಲ್ಲಿ ಯಾವ್ದಾದ್ರೂ ಒಂದು ಕಲೀತಿದ್ದ ಎರಡು ವರ್ಷದ 372 ಮಕ್ಕಳನ್ನ ನೋಡಿ 2018ರಲ್ಲಿ ಬರೆದದ್ದು, ಮನೆ ಭಾಷೆ ಇಂಗ್ಲಿಷ್‌ಗೆ ಹತ್ತಿರ ಇದ್ದಷ್ಟೂ ಆ ಭಾಷೇಲಿ ಮಗು ಆಡೋ ಪದ ಜಾಸ್ತಿ ಅಂತ. ಕನ್ನಡ ಇಂಗ್ಲಿಷಿಂದ ದೂರದ ಭಾಷೆ, ಲಂಡನ್ನಲ್ಲೋ ಡಲ್ಲಾಸಲ್ಲೋ ಇರೋ ಕನ್ನಡ ಮನೆಯೋರು ತಮ್ಮ ಮಗೂನ ಪಕ್ಕದ ಡಚ್ ಮನೆ ಮಗು ಜೊತೆ ಹೋಲಿಸಿ ಕೊರಗೋದ್ರಲ್ಲಿ ಅರ್ಥ ಇಲ್ಲ.

ಹಾಗಾದ್ರೆ ಕೊನೆಗೆ ಒಂದು ಭಾಷೆ ಉಳಿಯುತ್ತೋ ಇಲ್ವೋ ಅಂತ ತೀರ್ಮಾನ ಮಾಡೋದು ಏನು? ನೇರವಾಗಿ ಹೇಳ್ಬೇಕು ಅಂದ್ರೆ, ಎಷ್ಟು ಕೇಳುತ್ತೆ ಮತ್ತೆ ಯಾರಿಂದ ಕೇಳುತ್ತೆ. ಮಯಾಮಿ ತಂಡದ್ದೇ 1997ರ ಲೆಕ್ಕದಲ್ಲಿ ಮಗು ಒಂದು ಭಾಷೆ ಕೇಳೋ ಪ್ರಮಾಣ ಹೆಚ್ಚಿದಷ್ಟೂ ಆ ಭಾಷೆ ಪದ ಹೆಚ್ಚು, ಒಟ್ಟು ಕೇಳೋ ಮಾತಲ್ಲಿ ಒಂದು ಭಾಷೆ ಪಾಲು ಐದನೇ ಒಂದು ಭಾಗಕ್ಕಿಂತ ಕೆಳಗೆ ಹೋದ್ರೆ ಮಕ್ಕಳು ಅದರಲ್ಲಿ ಬಾಯಿ ಬಿಡೋಕೇ ಹಿಂದೇಟು ಹಾಕ್ತಿದ್ವು. ಬೆಲ್ಜಿಯಂನ ಡಚ್ ಮಾತಾಡೋ ಭಾಗದಲ್ಲಿ ಅನಿಕ್ ಡಿ ಹಾವರ್ 1,899 ಎರಡು ಭಾಷೆ ಕುಟುಂಬಗಳ ಮಾಹಿತಿ ತಗೊಂಡು 2007ರಲ್ಲಿ ಬರೆದ್ರು: ಸುಮಾರು ಕಾಲು ಭಾಗ ಮನೆಗಳಲ್ಲಿ ಮಕ್ಕಳು ಮನೆ ಭಾಷೆ ಮಾತಾಡ್ತಾನೇ ಇರ್ಲಿಲ್ಲ, ಹೊರಗಿನ ಡಚ್ ಒಂದೇ. ಅಪ್ಪ ಒಂದು ಭಾಷೆ ಅಮ್ಮ ಒಂದು ಭಾಷೆ ಅಂತ ಹಂಚ್ಕೊಳ್ಳೋ ಫಾರ್ಮುಲಾ ಇದ್ಯಲ್ಲ, ಎಲ್ಲಾ ಪೇರೆಂಟಿಂಗ್ ವಿಡಿಯೋಲೂ ರಾಮಬಾಣ ಅಂತ ಹೇಳೋದು, ಅದು ಕೂಡ ನಾಲ್ಕರಲ್ಲಿ ಮೂರು ಮನೇಲಷ್ಟೇ ಕೆಲಸ ಮಾಡಿತ್ತು. ಅಪ್ಪ ಅಮ್ಮ ಇಬ್ಬರೂ ಮನೆ ಭಾಷೇನೇ ಮಾತಾಡ್ತಿದ್ದ ಕಡೆ ಹೆಚ್ಚುಕಮ್ಮಿ ಎಲ್ಲಾ ಮಕ್ಕಳಿಗೂ ಅದು ದಕ್ಕಿತ್ತು. ಹೊರಗಿನ ಭಾಷೆ ಮಾತ್ರ ಯಾವ ಫಾರ್ಮುಲಾ ಇಲ್ದೇನೂ ಬಂದೇ ಬರುತ್ತೆ. ಇದನ್ನ ಬೆಂಗಳೂರಿಗೆ ಹಾಕಿ ನೋಡಿ: 2011ರ ಜನಗಣತೀಲೇ ಬೆಂಗಳೂರು ನಗರ ಜಿಲ್ಲೇಲಿ ಕನ್ನಡ ಮಾತೃಭಾಷೆ ಅಂದೋರು ಅರ್ಧಕ್ಕಿಂತ ಕಮ್ಮಿ. ಅಂದ್ರೆ ಇಲ್ಲಿ ಎಷ್ಟೋ ಏರಿಯಾಗಳಲ್ಲಿ ಕನ್ನಡ ಹೊರಗಿನ ಭಾಷೆ ಅಲ್ಲ, ಮನೆ ಭಾಷೆ, ಮನೇಲಿ ನಿಂತ್ರೆ ನಿಂತಂಗೇ.

ಟಿವಿ, ಯೂಟ್ಯೂಬ್ ರೈಮ್ಸ್ ಹಾಕ್ಬಿಟ್ರೆ ಕನ್ನಡ ಬರುತ್ತೆ ಅನ್ನೋರಿಗೂ ಒಂದು ಮಾತು. ಸಿಯಾಟಲ್‌ನ ಪೆಟ್ರೀಷಿಯಾ ಕೂಲ್ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಮಕ್ಕಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದ್ರು, ಒಟ್ಟು 12 ಸಲ, ಒಂದೊಂದು ಸಲ 25 ನಿಮಿಷ. ಎದುರಿಗೆ ಮನುಷ್ಯರೇ ಕೂತು ಆಡಿಸ್ತಾ ಮಾತಾಡಿದ ಮಕ್ಕಳು ಆ ಭಾಷೆ ಸದ್ದುಗಳನ್ನ ಗುರುತಿಸೋದು ಕಲಿತ್ವು, ಅದೇ ಜನ ಅದೇ ಮಾತು ಟಿವೀಲಿ ನೋಡಿದ ಮಕ್ಕಳು ಏನೂ ಕಲೀಲಿಲ್ಲ. ಹೊರದೇಶದಲ್ಲಿರೋರಿಗೆ ಸಮಾಧಾನದ ಸುದ್ದಿ ಅಂದ್ರೆ 2014ರಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳ ಮೇಲೆ ನಡೆದ ಸ್ಟಡೀಲಿ ವಿಡಿಯೋ ಕಾಲಲ್ಲಿ ಹೊಸ ಕ್ರಿಯಾಪದ ಕಲಿತ್ವು, ರೆಕಾರ್ಡ್ ಮಾಡಿದ ವಿಡಿಯೋದಲ್ಲಿ ಕಲೀಲಿಲ್ಲ. ವ್ಯತ್ಯಾಸ ಸ್ಕ್ರೀನಲ್ಲಿಲ್ಲ, ಮಗು ಬಾಲ್ ಎಸೆದಾಗ ಆ ಕಡೆಯಿಂದ "ಅಯ್ಯೋ ಎಸ್ದ್‌ಬಿಟ್ಯಾ" ಅಂತ ತಕ್ಷಣ ಉತ್ತರ ಬರೋದರಲ್ಲಿದೆ. ಮೈಸೂರಿಂದ ತಾತ ವಾಟ್ಸಾಪಲ್ಲಿ ದಿನಾ ಹತ್ತು ನಿಮಿಷ ಹರಟಿದ್ರೆ ಅದು ರೈಮ್ಸ್ ಪ್ಲೇಲಿಸ್ಟಿಗಿಂತ ಮೇಲು.

ಎರಡು ಭಾಷೆ ಕಲಿತ್ರೆ ಬುದ್ಧಿ ಚುರುಕಾಗುತ್ತೆ ಅನ್ನೋ ಪ್ರಚಾರದ ಬಗ್ಗೆ ನಂಗೆ ಅಷ್ಟೊಂದು ಉತ್ಸಾಹ ಇಲ್ಲ. 2009ರಲ್ಲಿ ಇಟಲಿಯ ಟ್ರಿಯೆಸ್ಟೆಯಲ್ಲಿ ಕೊವಾಚ್ ಮತ್ತೆ ಮೆಹ್ಲರ್ ಏಳು ತಿಂಗಳ ಎರಡು ಭಾಷೆ ಮಕ್ಕಳು ಹಳೇ ರೂಢಿ ಬಿಟ್ಟು ಹೊಸ ಕಡೆ ನೋಡೋದನ್ನ ಬೇಗ ಕಲೀತಾವೆ ಅಂತ ತೋರಿಸಿದ್ದು ದೊಡ್ಡ ಸುದ್ದಿ ಆಯ್ತು, ಆಮೇಲೆ ಈ ತರದ ಲಾಭದ ಬಗ್ಗೆ ಬಂದ ಫಲಿತಾಂಶಗಳು ಒಂದಕ್ಕೊಂದು ತಾಳೆ ಆಗಿಲ್ಲ. ಅಜ್ಜಿ ಜೊತೆ ಮಾತಾಡೋಕೆ ಬರುತ್ತೆ ಅನ್ನೋ ಲಾಭ ಸಾಲದಾ, ಐಕ್ಯೂ ಆಸೆ ಬೇರೆ ತೋರಿಸ್ಬೇಕಾ.

ಕೊನೇದಾಗಿ ನಿಜವಾದ ಸ್ಪೀಚ್ ಡಿಲೇ, ಯಾಕಂದ್ರೆ ಮೇಲಿಂದೆಲ್ಲ ಓದಿ ಯಾರಾದ್ರೂ "ಎರಡು ಭಾಷೆ ಅಲ್ವಾ, ಲೇಟಾಗಿ ಬರುತ್ತೆ ಬಿಡಿ" ಅಂತ ಸುಮ್ನಾದ್ರೆ ಅದು ಇನ್ನೂ ದೊಡ್ಡ ತಪ್ಪು. ಎರಡು ಭಾಷೆ ಮಕ್ಕಳೂ ಮೊದಲ ಪದ ಒಂದು ವರ್ಷದ ಆಸುಪಾಸಲ್ಲೇ ಆಡ್ತವೆ. ವರ್ಷ ತುಂಬಿದ್ರೂ ತೊದಲು ಸದ್ದಿಲ್ಲ, ಬೆರಳು ತೋರಿಸಲ್ಲ, ಟಾಟಾ ಮಾಡಲ್ಲ, ಒಂದೂವರೆ ವರ್ಷಕ್ಕೆ ಎರಡೂ ಭಾಷೆ ಸೇರಿಸಿದ್ರೂ ಒಂದೂ ಪದ ಇಲ್ಲ, ಎರಡು ವರ್ಷಕ್ಕೆ "ನೀರು ಕೊಡು" ತರ ಎರಡು ಪದ ಜೋಡಿಸಲ್ಲ, ಅಥವಾ ಬಂದಿದ್ದ ಮಾತು ನಿಂತೋಯ್ತು ಅಂದ್ರೆ ಕಾಯ್ಬೇಡಿ, ಮೊದ್ಲು ಕಿವಿ ಟೆಸ್ಟ್ ಮಾಡಿಸಿ, ಆಮೇಲೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಇದಕ್ಕೆ. ಹೋಗೋವಾಗ ಮಗು ಆಡೋ ಪದಗಳ ಪಟ್ಟಿ ಎರಡೂ ಭಾಷೇದು ಬರ್ಕೊಂಡು ಹೋಗಿ, ಆಯಾ ತೆಲುಗೋ ಹಿಂದೀನೋ ಮಾತಾಡ್ತಿದ್ರೆ ಆ ಪದಗಳನ್ನೂ ಸೇರಿಸಿ. ಕನ್ನಡ ಬಿಟ್ಬಿಡಿ ಅಂತ ಯಾರಾದ್ರೂ ಅಲ್ಲೂ ಹೇಳಿದ್ರೆ ಯಾವ ಆಧಾರದ ಮೇಲೆ ಅಂತ ಕೇಳಿ. 2005ರಲ್ಲಿ ಕೆನಡಾದ ಕೇ-ರೇನಿಂಗ್ ಬರ್ಡ್ ಮತ್ತೆ ಜೊತೆಯೋರು ಡೌನ್ ಸಿಂಡ್ರೋಮ್ ಇರೋ ಮಕ್ಕಳನ್ನೇ ನೋಡಿದ್ರು, ಭಾಷೆ ಕಲಿಯೋದು ಮೊದಲೇ ಕಷ್ಟ ಇರೋ ಮಕ್ಕಳು ಅವು, ಎರಡು ಭಾಷೇಲಿ ಬೆಳೀತಿದ್ದ ಮಕ್ಕಳ ಇಂಗ್ಲಿಷು ಅದೇ ತೊಂದ್ರೆ ಇರೋ ಒಂದು ಭಾಷೆ ಮಕ್ಕಳಷ್ಟೇ ಇತ್ತು, ಎರಡನೇ ಭಾಷೆ ಅದರ ಮೇಲಿನ ಗಳಿಕೆ.